ಹೋಳಿಗೆ ಊಟದ ಪಂಕ್ತಿಯಲ್ಲಿ ಗೋಧಿ ಮುಟ್ಟದೆ ಏಳುವುದು ಹೇಗೆ?

ಸೀಲಿಯಾಕ್, ಅಂದರೆ ಗೋಧಿಯಲ್ಲಿರುವ ಗ್ಲುಟನ್ ಅನ್ನುವ ಪ್ರೋಟೀನ್ ಆಗದ ಕಾಯಿಲೆ, ಇರುವವರು ಮದುವೆ ಊಟದಲ್ಲಿ ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಎಲೆ ಹಾಕಿ, ಪಲ್ಯ, ಕೋಸಂಬರಿ ಬಡಿಸಿ ಆಗಿರುತ್ತದೆ. ಬಕೆಟ್ ಹಿಡಿದ ಹುಡುಗ ಎದುರಿಗೆ ಬಂದಾಗ ಇವರು "ಇದರಲ್ಲಿ ಗ್ಲುಟನ್ ಇದೆಯಾ?" ಅಂತ ಕೇಳುತ್ತಾರೆ. ಆ ಹುಡುಗನಿಗೆ ಮುಂದೆ ಇನ್ನೂ ಅಷ್ಟುದ್ದ ಸಾಲು ಕಾಯುತ್ತಿದೆ. "ಇಲ್ಲ ಸರ್" ಅಂದು ಸಾರು ಹುಯ್ದು ಹೋಗುತ್ತಾನೆ. ತುಮಕೂರಿನ ಛತ್ರಗಳಲ್ಲಿ ಇದನ್ನು ನೋಡಿ ನೋಡಿ ಸಾಕಾಗಿದೆ. ಕೇಳಬೇಕಾದ್ದು ಅವನನ್ನಲ್ಲ, ಆ ಹೊತ್ತಿನಲ್ಲೂ ಅಲ್ಲ.

ಮೊದಲು ಚಿಕ್ಕದಾಗಿ ವೈದ್ಯರ ಮಾತು. ಗೋಧಿ, ಬಾರ್ಲಿ, ರೈ ಈ ಮೂರರಲ್ಲಿ ಗ್ಲುಟನ್ ಇದೆ. ಸೀಲಿಯಾಕ್ ಇರುವವರ ಹೊಟ್ಟೆಗೆ ಅದು ಹೋದರೆ ದೇಹದ ರಕ್ಷಣಾ ವ್ಯವಸ್ಥೆ ಸಣ್ಣ ಕರುಳಿನ ಮೇಲೇ ತಿರುಗಿ ಬೀಳುತ್ತದೆ. ಅನುಮಾನ ಇದ್ದರೆ ಗೋಧಿ ಬಿಡುವ ಮುಂಚೆಯೇ ಟಿಟಿಜಿ ರಕ್ತ ಪರೀಕ್ಷೆ ಮಾಡಿಸಿ. ಬಿಟ್ಟ ಮೇಲೆ ಮಾಡಿಸಿದರೆ ಇರುವ ಕಾಯಿಲೆಯೂ ಕಾಣದೆ ಹೋಗಬಹುದು. ನಮ್ಮ ದೇಶದಲ್ಲಿ 'ಗ್ಲುಟನ್ ಫ್ರೀ' ಅಂತ ಲೇಬಲ್ ಹಾಕಬೇಕಾದರೆ ಕಿಲೋಗೆ 20 ಮಿಲಿಗ್ರಾಂ ದಾಟುವಂತಿಲ್ಲ. ಲೆಕ್ಕ ಅಷ್ಟು ಸಣ್ಣದು. ಹಾಗಾಗಿ "ಒಂದು ಚೂರು ಹೋಳಿಗೆಗೆ ಏನಾಗುತ್ತೆ" ಅನ್ನುವ ನೆಂಟರ ಮಾತಿಗೆ ನಕ್ಕು ಸುಮ್ಮನಾಗಿ.

ಹೋಟೆಲಿಗೆ ಹೋದರೆ

ನಮ್ಮೂರಿನವರಿಗೆ ಇದು ಸುಲಭ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಅಕ್ಕಿ, ಉದ್ದಿನದು. ಒಗ್ಗರಣೆ ಹಾಕದ ಕಾಯಿ ಚಟ್ನಿ, ಬೆಣ್ಣೆ ಜೊತೆ ತಿನ್ನಿ, ಸಾಂಬಾರ್ ಬಿಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ದೋಸೆ ನಂಬಬೇಡಿ. ಗರಿಗರಿ ಬರಲಿ ಅಂತ ಕೆಲವರು ಹಿಟ್ಟಿಗೆ ರವೆ, ಮೈದಾ (ಎರಡೂ ಗೋಧಿಯವೇ) ಸೇರಿಸುತ್ತಾರೆ, ರವೆ ದೋಸೆ ಹುಯ್ದ ಕಾವಲಿಯ ಮೇಲೇ ನಿಮ್ಮದೂ ಬೇಯುತ್ತದೆ. ಪೂರಿ ಕರಿದ ಎಣ್ಣೆಯಲ್ಲಿ ಬಂದ ಉದ್ದಿನ ವಡೆಯೂ ಬೇಡ. ಗೋಬಿ ಮಂಚೂರಿ ಆಸೆ ಪೂರ್ತಿ ಬಿಟ್ಟುಬಿಡಿ: ಮೇಲಿನ ಹಿಟ್ಟಿನಲ್ಲಿ ಮೈದಾ, ಸೋಯಾ ಸಾಸ್‌ನಲ್ಲಿ ಗೋಧಿ. ಮಿಲಿಟರಿ ಹೋಟೆಲಿನಲ್ಲಿ ಮುದ್ದೆ, ಇಂಗು ಹಾಕದ ಸಾರು ಕೇಳಿ. ಕಬಾಬಿಗೆ ಮೈದಾ ಕಲಸುವುದು ಮಾಮೂಲಿ, ಅದು ಬೇಡ. ರಾಗಿ ಹಿಟ್ಟು ಎಲ್ಲಿ ಬೀಸಿದ್ದು ಅಂತಲೂ ವಿಚಾರಿಸಿ. ಗೋಧಿ ಬೀಸಿದ ಗಿರಣಿ ಕಲ್ಲಿನಲ್ಲೇ ರಾಗಿ ಹಾಕಿದರೆ ಮುದ್ದೆಯೂ ಕೆಟ್ಟ ಹಾಗೇ. ಮನೆಗಾದರೆ ರಾಗಿಗೇ ಬೇರೆ ಕಲ್ಲು ಇಟ್ಟಿರುವ ಗಿರಣಿ ಹುಡುಕಿಕೊಳ್ಳಿ. 'ಮಲ್ಟಿಗ್ರೇನ್' ರಾಗಿ ಹಿಟ್ಟಿನ ಪೊಟ್ಟಣ ಕಂಡರೆ ಹಿಂದೆ ತಿರುಗಿಸಿ ಓದಿ, ಗೋಧಿ ಸೇರಿರುವುದು ಬಹಳ.

ಮದುವೆ ಇದ್ದರೆ: ಭಟ್ಟರನ್ನು ಹಿಡಿಯಿರಿ

ಕಷ್ಟದ ಹೆಜ್ಜೆ ಇದು, ಇಲ್ಲಿ ಸೋಮಾರಿತನ ಮಾಡಬೇಡಿ. ಮದುವೆಗೆ ಎರಡು ಮೂರು ದಿನ ಮುಂಚೆ ಮನೆಯವರಿಂದ ಅಡುಗೆ ಭಟ್ಟರ ನಂಬರ್ ಇಸ್ಕೊಳ್ಳಿ. ಮನೆಯವರ ಹತ್ತಿರವೇ ಹೇಳಿ ಕಳಿಸುತ್ತೇನೆ ಅನ್ನಬೇಡಿ. ಅವರಿಗೆ ನೂರೆಂಟು ತಲೆನೋವು, ಮರೆತೇ ಮರೆಯುತ್ತಾರೆ.

ಭಟ್ಟರಿಗೆ ಕಾಯಿಲೆಯ ಪಾಠ ಮಾಡಬೇಡಿ. "ಗೋಧಿ ಆಗಲ್ಲ" ಅಂತ ಮಾತ್ರ ಹೇಳಿದರೂ ಸಾಲದು. ಚಪಾತಿ ಬಡಿಸದೆ ಬಿಟ್ಟು, ಮೈದಾದ ಚಿರೋಟಿಯನ್ನು ಪ್ರೀತಿಯಿಂದ ತಂದಿಡುತ್ತಾರೆ. ಸಾಮಾನಿನ ಪಟ್ಟಿಯಂತೆ ಒಂದೊಂದೇ ಹೆಸರು ಹೇಳಿ: ಮೈದಾ, ಚಿರೋಟಿ ರವೆ, ಬನ್ಸಿ ರವೆ, ಶಾವಿಗೆ, ಪುಡಿ ಇಂಗು.

ಇಂಗು ಅಂದ ತಕ್ಷಣ ಭಟ್ಟರು ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ. ಅಂಗಡಿಯ ಡಬ್ಬಿ ಇಂಗು ಬರೀ ಇಂಗಲ್ಲ. ಅಸಲಿ ಇಂಗು ತೀರಾ ಘಾಟು, ಅದಕ್ಕೆ ಅಂಟು ಮತ್ತು ಹಿಟ್ಟು ಬೆರೆಸಿ ಮಾರುತ್ತಾರೆ. ಆ ಹಿಟ್ಟು ಎಷ್ಟೋ ಸಲ ಗೋಧಿಯದೇ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಯಾರೂ ಓದಲ್ಲ ಅಷ್ಟೇ. ಸಾರು, ಹುಳಿ, ತೊವ್ವೆ, ಕೋಸಂಬರಿ, ಪುಳಿಯೋಗರೆ, ಮಜ್ಜಿಗೆ, ಉಪ್ಪಿನಕಾಯಿ, ಹಪ್ಪಳ ಎಲ್ಲದಕ್ಕೂ ಇದು ನುಗ್ಗುತ್ತದೆ. ಹೋಳಿಗೆ ಮುಟ್ಟದೆ ಎದ್ದು ಬಂದೆ, ಆದರೂ ಹೊಟ್ಟೆ ಕೆಟ್ಟಿತು ಅನ್ನುವವರು ಮೊದಲು ಇಂಗಿನ ಮೇಲೆ ಕಣ್ಣಿಡಲಿ.

ಪರಿಹಾರ ದೊಡ್ಡದೇನಲ್ಲ. ಬೆಂದ ಬೇಳೆಯನ್ನು ಪುಡಿ, ಒಗ್ಗರಣೆ ಬೀಳುವ ಮುಂಚೆ ಒಂದು ಡಬ್ಬಿಗೆ ತೆಗೆದಿಡಲು ಹೇಳಿ. ಅನ್ನ, ಆ ಬೇಳೆ, ಉಪ್ಪು, ತುಪ್ಪ, ಮೊಸರು, ಬಾಳೆಹಣ್ಣು ಇದ್ದರೆ ಊಟವೇ ಆಯ್ತು. ಸಾರು ಬೇಕೇ ಬೇಕು ಅನ್ನುವವರು ಅಕ್ಕಿ ಹಿಟ್ಟು ಬೆರೆಸಿದ ಇಂಗಿನ ಡಬ್ಬಿಯನ್ನು ಭಟ್ಟರ ಕೈಗೇ ಕೊಡಲಿ. ನನ್ನ ಪ್ರಕಾರ ಅದು ಸಣ್ಣ ಮದುವೆಗೆ ಸರಿ. ಸಾವಿರ ಜನದ ಅಡುಗೆಮನೆಯಲ್ಲಿ ಆ ಡಬ್ಬಿ ಎಲ್ಲಿ ಹೋಯಿತೋ ಯಾರಿಗೂ ಗೊತ್ತಾಗಲ್ಲ.

ಸಿಹಿ ವಿಷಯಕ್ಕೆ ಬರೋಣ. ಹೋಳಿಗೆ, ಕೇಸರಿಬಾತ್, ಜಿಲೇಬಿ, ಶಾವಿಗೆ ಪಾಯಸ ಬೇಡ. ಹೆಸರುಬೇಳೆ ಪಾಯಸ ಆಗುತ್ತದೆ, ಶಾವಿಗೆಗೆ ಹಾಕಿದ ಸೌಟು ಅದಕ್ಕೆ ಬೀಳದಿದ್ದರೆ. ಮೈಸೂರುಪಾಕ್ ಬರೀ ಕಡಲೆಹಿಟ್ಟಿನದಾದರೆ ಧಾರಾಳವಾಗಿ ತಿನ್ನಿ.

ಅಂದಹಾಗೆ, ಗ್ಲುಟನ್ ಕರಗಿಸುತ್ತೇವೆ ಅಂತ ಮಾತ್ರೆಗಳು ಮಾರಾಟಕ್ಕಿವೆ. ಸೀಲಿಯಾಕ್ ಇರುವವರು ಅದನ್ನು ನುಂಗಿ ಹೋಳಿಗೆಗೆ ಕೈ ಹಾಕಬೇಡಿ.

ಎಲೆಯ ಮುಂದೆ

ಮೊದಲ ಪಂಕ್ತಿಗೇ ಕೂರಿ, ಸಾಲಿನ ತುದಿಯಲ್ಲಿ. ಹೋಳಿಗೆ ಬಡಿಸಿದ ಕೈಯಲ್ಲೇ ಅನ್ನದ ಪಾತ್ರೆ ಹಿಡಿಯುವ ಹೊತ್ತಿಗೆ ನಿಮ್ಮ ಊಟ ಮುಗಿದಿರಬೇಕು.

ಮನೆಯಲ್ಲೇ ಹಬ್ಬ, ಪೂಜೆ

ಸತ್ಯನಾರಾಯಣ ಪೂಜೆಯ ಸಪಾದ ರವೆಯದು. ಪ್ರಸಾದ ಬೇಡ ಅನ್ನುವುದು ಹೇಗೆ ಅಂತ ಒದ್ದಾಡುವವರು ಬಹಳ. ವ್ರತಕಥೆಯಲ್ಲೇ ಗೋಧಿ ಹಿಟ್ಟು ಇಲ್ಲದಿದ್ದರೆ ಅಕ್ಕಿ ಹಿಟ್ಟು ಆಗುತ್ತದೆ ಅಂತ ಇದೆ. ಪೂಜೆ ಮಾಡಿಸುವವರಿಗೆ ಮುಂಚೆಯೇ ಇದನ್ನು ನೆನಪಿಸಿ, ಅಕ್ಕಿ ತರಿಯಲ್ಲಿ ಮಾಡಿಸಿ. ಬೇರೆಯವರ ಮನೆಯಲ್ಲಾದರೆ ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಡಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಯುಗಾದಿಗೆ ಹೋಳಿಗೆಯ ಹೂರಣವನ್ನೇ ಅಕ್ಕಿ ಹಿಟ್ಟಿನ ಕಡುಬಿಗೆ ತುಂಬಿ ಹಬೆಯಲ್ಲಿ ಬೇಯಿಸಿ. ದುಬಾರಿ 'ಗ್ಲುಟನ್ ಫ್ರೀ' ಹಿಟ್ಟು ತಂದು ಹೋಳಿಗೆ ತಟ್ಟಲು ಹೋಗಬೇಡಿ. ಅದು ಕಾವಲಿಗೆ ಹೋಗುವ ಮುಂಚೆಯೇ ಹರಿಯುತ್ತದೆ, ತಿಂದರೂ ರುಚಿ ಇಲ್ಲ. ಸಂಕ್ರಾಂತಿಯ ಎಳ್ಳು ಬೆಲ್ಲಕ್ಕೆ ಚಿಂತೆಯೇ ಇಲ್ಲ. ಗೋಕುಲಾಷ್ಟಮಿಗೆ ಮಾತ್ರ ಎಚ್ಚರ: ಅಂಗಡಿಯ ಕೋಡುಬಳೆ, ನಿಪ್ಪಟ್ಟು ಅಕ್ಕಿ ಹಿಟ್ಟಿನದು ಅಂದುಕೊಂಡು ತಿನ್ನುತ್ತಾರೆ. ಎರಡಕ್ಕೂ ಮೈದಾ ಅಥವಾ ಚಿರೋಟಿ ರವೆ ಬೆರೆಸುವವರೇ ಜಾಸ್ತಿ. ಚಕ್ಕುಲಿಯನ್ನು ಮನೆಯಲ್ಲೇ ಒತ್ತಿಕೊಳ್ಳಿ, ಹೊಸ ಎಣ್ಣೆ ಇಡಿ. ಪೂರಿ, ಕಜ್ಜಾಯ ಏನಿದ್ದರೂ ಅದಾದ ಮೇಲೆ ಕರಿಯಲಿ.