ಎಮ್ಮೆಕೊಂಬಿನ ಹಿಡಿಯ ಚೂರಿ ಮಾಡುವುದು ಹೇಗೆ?

ಮಲೆನಾಡಿನ ಕೆಲವು ಹಳೆಯ ಮನೆಗಳಲ್ಲಿ ಕಡವೆ ಕೊಂಬಿನ ಹಿಡಿಯಿರುವ ಚೂರಿಯನ್ನು ಈಗಲೂ ಕಾಣಬಹುದು. ಒರಟಾದ ಆ ಗೀರುಗಳು ಬೆವರಿದ ಅಂಗೈಯಲ್ಲೂ ಜಾರುವುದಿಲ್ಲ. ಅಂಥದ್ದೊಂದನ್ನು ಮಾಡಿಕೊಳ್ಳುವ ಆಸೆ ಯಾರಿಗಾದರೂ ಹುಟ್ಟುತ್ತದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯ ಕೊಂಬು ಸರ್ಕಾರದ ಸೊತ್ತು. ಕಾಡಿನಲ್ಲಿ ತಾನಾಗಿ ಉದುರಿ ಬಿದ್ದ ಕೊಂಬನ್ನೂ ಮನೆಗೆ ತರುವಂತಿಲ್ಲ. ಕಾನೂನು ಇಷ್ಟು ಬಿಗಿಯಾಗಿರುವುದು ಸರಿಯೆಂದೇ ನನ್ನ ಅಭಿಪ್ರಾಯ. ಉದುರಿದ್ದು ಯಾವುದು, ಕೊಂದು ತೆಗೆದದ್ದು ಯಾವುದು ಎಂದು ಮಾರುಕಟ್ಟೆಯಲ್ಲಿ ಯಾರೂ ಹೇಳಲಾರರು.

ಹಾಗಾಗಿ ನಾವು ಕೊಟ್ಟಿಗೆಯ ಎಮ್ಮೆಯತ್ತ ತಿರುಗೋಣ. ಕಡವೆಯ ಕೊಂಬು ವರ್ಷಕ್ಕೊಮ್ಮೆ ಉದುರಿ ಮತ್ತೆ ಬೆಳೆಯುವ ಎಲುಬು. ಎಮ್ಮೆಯ ಕೊಂಬು ಹಾಗಲ್ಲ, ಅದು ನಮ್ಮ ಉಗುರಿನ ಜಾತಿಯದು. ಬುಡದಲ್ಲಿ ಟೊಳ್ಳು, ತುದಿಯಲ್ಲಿ ಗಟ್ಟಿ. ಹಿಡಿಗೆ ಬೇಕಾದದ್ದು ಆ ಗಟ್ಟಿ ತುದಿ. ಕನಿಷ್ಠ ಆರು ತಿಂಗಳು ನೆರಳಿನಲ್ಲಿ ಒಣಗಿದ್ದನ್ನೇ ಆರಿಸಿ. ಹಸಿ ಕೊಂಬು ಆಮೇಲೆ ಕುಗ್ಗಿ ಸೀಳುತ್ತದೆ.

ಅಲಗು

ಜೀಪಿನ ಹಳೆಯ ಸ್ಪ್ರಿಂಗ್ ಪಟ್ಟಿ ಒಳ್ಳೆಯ ಉಕ್ಕು. ಅದರಲ್ಲಿ ಇಂಗಾಲದ ಪಾಲು ಸುಮಾರು ಶೇ 0.5ರಿಂದ 0.6. ಹದಕ್ಕೆ ಬರಲು ಅಷ್ಟು ಸಾಕು. ಕಣ್ಣಿಗೆ ಬೀಳದ ಬಿರುಕಿದ್ದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಆದ್ದರಿಂದ ಪಟ್ಟಿಯನ್ನು ಉಜ್ಜಿ ತೊಳೆದು, ಬೆಳಕಿಗೆ ಹಿಡಿದು ನೋಡಿ. ಕೆಂಪಗೆ ಕಾಯಿಸಿ, ರಾತ್ರಿಯಿಡೀ ಒಣಬೂದಿಯಲ್ಲಿ ಹೂತಿಡಿ. ಬೆಳಿಗ್ಗೆ ಗರಗಸಕ್ಕೆ ಬಗ್ಗುವಷ್ಟು ಮೆತ್ತಗಾಗಿರುತ್ತದೆ. ಏಳು ಇಂಚು ಉದ್ದ, ಒಂದು ಇಂಚು ಅಗಲದ ತುಂಡು ಕತ್ತರಿಸಿಕೊಳ್ಳಿ. ನಾಲ್ಕು ಇಂಚು ಅಲಗಿಗೆ, ಉಳಿದದ್ದು ಹಿಡಿಯೊಳಗೆ ಹೋಗುವ ಬಾಲಕ್ಕೆ.

ಕುಲುಮೆಯಲ್ಲಿ ಇದ್ದಿಲು ಹಾಕಿ ತಿದಿ ಊದಿ. ಕಬ್ಬಿಣ ಕಿತ್ತಳೆ ಬಣ್ಣಕ್ಕೆ ಬಂದಾಗ ಇಕ್ಕುಳದಲ್ಲಿ ಹಿಡಿದು ಬಡಿಯಿರಿ. ಮಂಕು ಕೆಂಪಾದೊಡನೆ ಸುತ್ತಿಗೆ ನಿಲ್ಲಿಸಿ ಮತ್ತೆ ಬೆಂಕಿಗಿಡಿ. ಆರಿದ ಉಕ್ಕನ್ನು ಬಡಿದರೆ ಒಳಗೆ ಬಿರುಕು ಬಿಡುತ್ತದೆ. ಬೆನ್ನು ಮೂರು ಮಿಲಿಮೀಟರ್ ದಪ್ಪ ಇರಲಿ. ಬಾಲ ಅಲಗಿಗೆ ಸೇರುವ ಮೂಲೆಯನ್ನು ಚೌಕವಾಗಿ ಕತ್ತರಿಸಬೇಡಿ, ಅರದಿಂದ ಗುಂಡಾಗಿ ಉಜ್ಜಿ. ಚೂರಿಗಳು ಮುರಿಯುವುದು ಹೆಚ್ಚಾಗಿ ಅಲ್ಲೇ. ಅಂಚನ್ನು ಈಗಲೇ ಹರಿತ ಮಾಡಬಾರದು, ಒಂದು ಮಿಲಿಮೀಟರ್ ದಪ್ಪ ಬಿಡಿ. ತೆಳುವಾದರೆ ಹದ ಕೊಡುವಾಗ ತಿರುಚಿಕೊಳ್ಳುತ್ತದೆ.

ಹದ

ಇಡೀ ಕೆಲಸದಲ್ಲಿ ಅವಸರ ಮಾಡಬಾರದ ಹೊತ್ತು ಇದು. ಜಗತ್ತು 'ವೂಟ್ಜ್' ಎಂದು ಕರೆದ ಉಕ್ಕಿನ ಹೆಸರು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಬಂದದ್ದೆಂದು ಬಹಳ ವಿದ್ವಾಂಸರು ಒಪ್ಪುತ್ತಾರೆ. ಕುಲುಮೆಯ ಮುಂದೆ ಕುಳಿತಾಗಲೆಲ್ಲ ನನಗೆ ಇದು ನೆನಪಾಗಿ ಕೈ ತಾನಾಗಿ ನಿಧಾನವಾಗುತ್ತದೆ.

ಮೊದಲು ಅಲಗನ್ನು ಮೂರು ಸಲ ಕೆಂಪಗೆ ಕಾಯಿಸಿ, ಗಾಳಿಯಲ್ಲಿ ತಾನಾಗಿ ಆರಲು ಬಿಡಿ. ಬಡಿತದ ಒತ್ತಡ ಇದರಿಂದ ಕಳೆಯುತ್ತದೆ. ಆಮೇಲೆ ಕಬ್ಬಿಣದ ಪಾತ್ರೆಯಲ್ಲಿ ಅಡುಗೆ ಎಣ್ಣೆ ತುಂಬಿ, ಕೈ ತಾಳದಷ್ಟು ಬಿಸಿ ಮಾಡಿ. ಮುಚ್ಚಳ ಪಕ್ಕದಲ್ಲೇ ಇರಲಿ, ಎಣ್ಣೆ ಹೊತ್ತಿಕೊಂಡರೆ ಮುಚ್ಚಲು ಬೇಕು. ಮಬ್ಬು ಬೆಳಕಿನಲ್ಲಿ ಕೆಲಸ ಮಾಡಿದರೆ ಬಣ್ಣ ಸರಿಯಾಗಿ ಕಾಣುತ್ತದೆ. ಕಾದ ಅಲಗಿಗೆ ಅಯಸ್ಕಾಂತ ಅಂಟುವುದು ನಿಂತಾಗ ಅದು ಸುಮಾರು 770 ಡಿಗ್ರಿ ತಲುಪಿದೆ ಎಂದರ್ಥ. ಇನ್ನೊಂದಿಷ್ಟು ಕಾಯಿಸಿ, ಬಣ್ಣ ಒಂದು ಮೆಟ್ಟಿಲು ಏರಿದೊಡನೆ ನೆಟ್ಟಗೆ ಎಣ್ಣೆಗಿಳಿಸಿ. ಅಡ್ಡ ಅಲ್ಲಾಡಿಸಿದರೆ ಸೊಟ್ಟಗಾಗುತ್ತದೆ.

ಹೊರಬಂದ ಅಲಗಿನ ಮೇಲೆ ಅರ ಜಾರಿದರೆ ಹದ ಹಿಡಿದಿದೆ. ಆದರೆ ಆಗ ಅದು ಗಾಜಿನಂತೆ, ನೆಲಕ್ಕೆ ಬಿದ್ದರೂ ಮುರಿಯಬಹುದು. ಅದೇ ದಿನ ಗಡಸು ತಗ್ಗಿಸಬೇಕು. ಅಲಗಿನ ಒಂದು ಬದಿಯನ್ನು ಉಜ್ಜಿ ಬಿಳಿ ಮಾಡಿ, ಮನೆಯ ವಿದ್ಯುತ್ ಓವನ್‌ನಲ್ಲಿ 200ರಿಂದ 220 ಡಿಗ್ರಿಯಲ್ಲಿ ಒಂದೊಂದು ಗಂಟೆಯಂತೆ ಎರಡು ಸಲ ಇಡಿ. ಒಣಹುಲ್ಲಿನ ಬಣ್ಣ ಬರಬೇಕು. ನೀಲಿಗೆ ತಿರುಗಿದರೆ ಅಡುಗೆಮನೆಯ ಚೂರಿಗೆ ಬೇಕಾದಷ್ಟು ಗಡಸು ಉಳಿಯುವುದಿಲ್ಲ, ಮತ್ತೆ ಹದ ಕೊಡಬೇಕಾಗುತ್ತದೆ.

ಹಿಡಿ

ಕೊಂಬಿನ ತುದಿಯಿಂದ ನಾಲ್ಕೂವರೆ ಇಂಚು ಕತ್ತರಿಸಿ. ಕೊಂಬು ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮುಖಗವಸು ತಪ್ಪಿಸಬೇಡಿ. ತುಂಡು ಸೊಟ್ಟವಿದ್ದರೆ ಕುದಿಯುವ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ಎರಡು ಹಲಗೆಗಳ ನಡುವೆ ಬಿಗಿದರೆ ನೆಟ್ಟಗಾಗುತ್ತದೆ. ಕಡವೆಯ ಎಲುಬಿನ ಕೊಂಬು ಹೀಗೆ ಬಗ್ಗುವುದಿಲ್ಲ, ಈ ಒಂದು ಗುಣದಲ್ಲಿ ಎಮ್ಮೆಕೊಂಬೇ ಮೇಲು. ಬಗ್ಗಿಸಿದ್ದನ್ನು ಎರಡು ವಾರ ಒಣಗಿಸಿ ಮುಂದಿನ ಕೆಲಸಕ್ಕೆ ತೆಗೆದುಕೊಳ್ಳಿ.

ಕತ್ತರಿಸಿದ ಮುಖಕ್ಕೆ ಹಿತ್ತಾಳೆಯ ಬಳೆ ಬಿಗಿಯಾಗಿ ತೊಡಿಸಿ. ಅದಿಲ್ಲದಿದ್ದರೆ ಕೊಂಬು ಬಾಯಿ ಬಿಡುತ್ತದೆ. ನಂತರ ಬಾಲದ ಅಳತೆಗೆ ನಡುವೆ ರಂಧ್ರ ಕೊರೆಯಿರಿ. ನಮ್ಮ ಹಳೆಯ ಚೂರಿ, ಕತ್ತಿಗಳ ಹಿಡಿಗಳನ್ನು ಅರಗಿನಿಂದ ಕೂರಿಸುತ್ತಿದ್ದರು. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಹಿಡಿಸುವುದೂ ಅರಗೇ. ಎರಡು ಪಾಲು ಅರಗಿಗೆ ಒಂದು ಪಾಲು ನುಣ್ಣನೆಯ ಇಟ್ಟಿಗೆ ಪುಡಿ ಬೆರೆಸಿ ರಂಧ್ರ ತುಂಬಿ. ಅಲಗಿಗೆ ಒದ್ದೆ ಬಟ್ಟೆ ಸುತ್ತಿ ಬಾಲವನ್ನಷ್ಟೇ ಕಾಯಿಸಿ. ಬಟ್ಟೆ ಒಣಗಲು ಬಿಟ್ಟರೆ ಕಷ್ಟಪಟ್ಟು ಕೊಟ್ಟ ಹದ ಇಳಿದುಹೋಗುತ್ತದೆ. ಅರಗು ಕರಗುವಷ್ಟು ಬಿಸಿ ಸಾಕು, ಕೊಂಬು ಸುಟ್ಟ ವಾಸನೆ ಬಂದರೆ ಹೆಚ್ಚಾಯಿತೆಂದು ತಿಳಿಯಿರಿ. ಬಾಲವನ್ನು ಒತ್ತಿ ಕೂರಿಸಿ, ಹಿಡಿ ಮತ್ತು ಅಲಗು ಒಂದೇ ಗೆರೆಯಲ್ಲಿರುವಂತೆ ಕಣ್ಣಳತೆಯಲ್ಲಿ ತಿದ್ದಿ, ಅಲುಗದಂತೆ ಆರಲು ಬಿಡಿ.

ಹಿಡಿಯನ್ನು ಪೂರ್ತಿ ನುಣುಪು ಮಾಡುವುದು ಬೇಡ. ಬೆರಳು ಕೂರುವ ಕಡೆ ಸಣ್ಣ ಅರದಿಂದ ಉದ್ದಕ್ಕೆ ಗೀರುಗಳನ್ನು ತೆಗೆದರೆ ಕಡವೆ ಕೊಂಬಿನ ಹಿಡಿತವೇ ಸಿಗುತ್ತದೆ. ಉಳಿದ ಭಾಗಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಹತ್ತಿಬಟ್ಟೆಯಲ್ಲಿ ಉಜ್ಜಿದರೆ ಕಪ್ಪಗೆ ಮಿಂಚುತ್ತದೆ. ಕೊನೆಗೆ ಅಲಗನ್ನು ಸಾಣೆಕಲ್ಲಿನ ಮೇಲೆ ನೀರು ಹಾಕುತ್ತ ಮಸೆಯಿರಿ. ಬಿಸಿಯಾಗಲು ಬಿಡಬೇಡಿ.

ಇದು ತುಕ್ಕು ಹಿಡಿಯುವ ಉಕ್ಕು. ನಿಂಬೆ, ಹುಣಸೆ ತಾಗಿದರೆ ಕಪ್ಪಾಗುತ್ತದೆ, ಒರೆಸಿ ಒಂದು ಹನಿ ಎಣ್ಣೆ ಸವರಿಡಿ. ಬಿಸಿನೀರಿನ ಪಾತ್ರೆಯಲ್ಲಿ ಮಾತ್ರ ನೆನೆಹಾಕಬೇಡಿ, ಅರಗು ಮೆತ್ತಗಾಗಿ ಹಿಡಿ ಕಳಚುತ್ತದೆ. ಕಳಚಿದರೂ ಗಾಬರಿ ಬೇಡ, ಬಾಲವನ್ನು ಮತ್ತೆ ಹದವಾಗಿ ಕಾಯಿಸಿ ಅದೇ ಅರಗಿನಲ್ಲಿ ಕೂರಿಸಬಹುದು.