ಬಾಂಟು ಪದಗಳನ್ನು ಸಾಲಾಗಿ ಹೋಲಿಸಿದ ನನ್ನ ಅನುಭವ

ಬಾಂಟು ಎಂಬುದು ಆಫ್ರಿಕಾದ ಒಂದು ದೊಡ್ಡ ಭಾಷಾ ಗುಂಪು. ಅದರಲ್ಲಿ ನಾನು ಹೋಲಿಕೆಗೆ ಆರಿಸಿಕೊಂಡದ್ದು ಐದು ಭಾಷೆ: ಸ್ವಾಹಿಲಿ (ಜಿ42), ಗಿಕುಯು (ಇ51), ಚಿಚೇವಾ (ಎನ್31), ಟ್ಸ್ವಾನಾ (ಎಸ್31), ಜುಲು (ಎಸ್42). ಆವರಣದಲ್ಲಿರುವುದು ಭಾಷಾವಿಜ್ಞಾನಿ ಮಾಲ್ಕಮ್ ಗತ್ರೀ 1948ರಲ್ಲಿ ಆರಂಭಿಸಿದ ವಲಯ ಸಂಕೇತ. ಇದನ್ನು ಪಿನ್‌ಕೋಡ್ ಎಂದುಕೊಳ್ಳಿ. ಭಾಷೆ ಎಲ್ಲಿದೆ ಎಂಬುದು ಇದರಿಂದ ತಿಳಿಯುತ್ತದೆ, ಯಾವುದಕ್ಕೆ ಹತ್ತಿರದ ನೆಂಟ ಎಂಬುದು ತಿಳಿಯುವುದಿಲ್ಲ. ಒಂದೇ ವಲಯದವೆಲ್ಲ ಒಂದೇ ಕವಲು ಎಂದು ಹಿಡಿದು ಹೊರಟರೆ ಮೊದಲ ದಿನವೇ ದಾರಿ ತಪ್ಪುತ್ತದೆ.

ಪಟ್ಟಿಯಲ್ಲಿ 120 ಪದ ಸಾಕು: ದೇಹದ ಭಾಗ, ಪ್ರಾಣಿ, ಮಳೆ, ಮರ, ನೋಡು, ಕಚ್ಚು, ಸಾಯಿ, ಇಂಥವು. ಎಣಿಕೆಯಲ್ಲಿ ಐದರವರೆಗೆ ಮಾತ್ರ ತೆಗೆದುಕೊಂಡೆ. ಸ್ವಾಹಿಲಿಯ ಸಿತಾ (6), ಸಬಾ (7), ತಿಸಾ (9) ಅರಬ್ಬಿಯಿಂದ ಬಂದವು. ಮೂಲರೂಪಗಳಿಗೆ ಬೆಲ್ಜಿಯಂನ ಟೆರ್ವುರೆನ್ ವಸ್ತುಸಂಗ್ರಹಾಲಯದ ದತ್ತಾಂಶ ನೋಡಿದೆ. ಅಲ್ಲಿರುವ ರೂಪಗಳೆಲ್ಲ ಮೂಲ ಬಾಂಟುವಿನವಲ್ಲ, ಅಂದರೆ ಈ ಭಾಷೆಗಳೆಲ್ಲ ಹುಟ್ಟಿದ ಪೂರ್ವಜ ಭಾಷೆಯವಲ್ಲ. ಪ್ರತಿ ರೂಪದ ಪಕ್ಕ ಅದು ಸಿಗುವ ವಲಯಗಳನ್ನು ಕೊಟ್ಟಿರುತ್ತಾರೆ. ವಾಯವ್ಯದ ಎ, ಬಿ, ಸಿ ವಲಯಗಳಲ್ಲೂ ದಕ್ಷಿಣದ ಎಸ್‌ನಲ್ಲೂ ಇರುವುದನ್ನಷ್ಟೇ ಉಳಿಸಿಕೊಂಡೆ.

ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವವರಿಗೆ ಒಂದು ಮಾತು. ತುಟಿಗೆ ಹಲ್ಲು ತಾಗಿಸಿ ಹೇಳುವ ಧ್ವನಿಗೆ ಚುಕ್ಕಿಯಿಟ್ಟ ಫ಼, ಮಹಾಪ್ರಾಣಕ್ಕೆ ಬರೀ ಫ ಎಂದು ಬೇರೆ ಮಾಡಿಕೊಳ್ಳಿ. ಕತ್ತೆಕಿರುಬಕ್ಕೆ ಸ್ವಾಹಿಲಿಯಲ್ಲಿ ಫ಼ಿಸಿ, ಟ್ಸ್ವಾನಾದಲ್ಲಿ ಫಿರಿ. ಎರಡನ್ನೂ ಒಂದೇ ಅಕ್ಷರದಲ್ಲಿ ಬರೆದರೆ ಇಲ್ಲದ ಹೋಲಿಕೆಯೊಂದು ಹುಟ್ಟಿಬಿಡುತ್ತದೆ.

ಇನ್ನು ಸ್ವರಗಳು. ಕೆಲಸದ ಜೀವಾಳವೇ ಇಲ್ಲಿದೆ. ಮೂಲ ಬಾಂಟುವಿಗೆ ಏಳು ಸ್ವರ ಎಂದು ಪುನಾರಚಿಸಿದ್ದಾರೆ. ಇ ಎರಡು ಬಗೆ, ಉ ಎರಡು ಬಗೆ. ಬಿಗಿಯಾದವನ್ನು ಇ1, ಉ1 ಎಂದೂ ತುಸು ಕೆಳಗಿನವನ್ನು ಇ2, ಉ2 ಎಂದೂ ಗುರುತು ಹಾಕಿಕೊಂಡೆ. ಸ್ವಾಹಿಲಿ, ಚಿಚೇವಾ, ಜುಲುಗಳಲ್ಲಿ ಇವು ಬೆರೆತು ಐದೇ ಸ್ವರ ಉಳಿದಿವೆ. ಗಿಕುಯುವಿನಲ್ಲಿ ಏಳೂ ಇವೆ, ಇ2 ಉ2ಗಳನ್ನು ಅವರು ಅಕ್ಷರದ ಮೇಲೆ ಅಲೆಗೆರೆ ಎಳೆದು ಬರೆಯುತ್ತಾರೆ. ಟೈಪ್ ಮಾಡುವಾಗ ಆ ಗೆರೆ ಬಿಟ್ಟುಹೋದ ಪದಪಟ್ಟಿಗಳು ಎಷ್ಟೋ ಇವೆ. ಅಂಥ ಪಟ್ಟಿ ಈ ಕೆಲಸಕ್ಕೆ ಬರುವುದಿಲ್ಲ.

ಎರಡು ಪದಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮರಕ್ಕೆ ಸ್ವಾಹಿಲಿಯಲ್ಲಿ ಮ್ತಿ, ಜುಲುವಿನಲ್ಲಿ ಉಮುಥಿ. ಕತ್ತೆಕಿರುಬಕ್ಕೆ ಫ಼ಿಸಿ, ಇಂಪಿಸಿ. ಕೊನೆಯ ಸ್ವರ ಎಲ್ಲದರಲ್ಲೂ ಇ. ಹಾಗಿದ್ದೂ ಒಂದರಲ್ಲಿ ತಕಾರ ಉಳಿದಿದೆ, ಇನ್ನೊಂದರಲ್ಲಿ ಸಕಾರವಾಗಿದೆ. ಉತ್ತರ ಗಿಕುಯುವಿನಲ್ಲಿದೆ: ಮರದ ‘ಮುತಿ’ಯ ಕೊನೆಗೆ ಗೆರೆಯಿರುವ ಇ2, ಕಿರುಬದ ‘ಹಿತಿ’ಯ ಕೊನೆಗೆ ಗೆರೆಯಿಲ್ಲದ ಇ1. ಸ್ವಾಹಿಲಿ, ಜುಲುಗಳಲ್ಲಿ ಇ1, ಉ1ಗಳ ಮುಂಚೆ ಬರುವ ಸ್ಪರ್ಶ ವ್ಯಂಜನ (ತ, ಕ ಇಂಥವು) ಊಷ್ಮಕ್ಕೆ (ಸ, ಫ಼ ಇಂಥವು) ತಿರುಗುತ್ತದೆ, ಇ2, ಉ2ಗಳ ಮುಂಚೆ ತಿರುಗುವುದಿಲ್ಲ. ಬದಲಾವಣೆಗಳ ಕಾಲಕ್ರಮವೂ ಇದರಿಂದಲೇ ಗೊತ್ತಾಗುತ್ತದೆ. ವ್ಯಂಜನ ಮೊದಲು ತಿರುಗಿತು, ಸ್ವರಗಳು ಆಮೇಲೆ ಬೆರೆತವು. ಸ್ವರ ಮೊದಲೇ ಬೆರೆತಿದ್ದರೆ ಸ್ವಾಹಿಲಿಯ ಮರ ‘ಮ್ಸಿ’ ಆಗಿರಬೇಕಿತ್ತು. ಉಕಾರದಲ್ಲೂ ಹೀಗೆಯೇ: ಸ್ವಾಹಿಲಿಯಲ್ಲಿ ಕೋಳಿಗೆ ಕುಕು (ಉ2), ಮೂಳೆಗೆ ಮ್ಫ಼ುಪ, ಈ ಎರಡನೆಯದರ ಮೂಲ ‘ಕುಪ’ದಲ್ಲಿರುವುದು ಉ1.

ಮುಂದಿನ ಎಡವಟ್ಟು ಅನುನಾಸಿಕದ್ದು. ಬಾಂಟು ಭಾಷೆಗಳಲ್ಲಿ ನಾಮಪದಗಳು ಪೂರ್ವಪ್ರತ್ಯಯದ ಮೇಲೆ ಅಂಕಿಯಿಟ್ಟ ವರ್ಗಗಳಾಗಿ ವಿಂಗಡವಾಗಿವೆ; ಪ್ರಾಣಿಗಳ ಹೆಸರು ಹೆಚ್ಚಾಗಿ ಒಂಬತ್ತನೆಯ ನಾಮವರ್ಗದವು. ಆ ವರ್ಗದ ಪೂರ್ವಪ್ರತ್ಯಯ ಅನುನಾಸಿಕ, ಅದು ತಾಗಿದ ವ್ಯಂಜನದ ನಡತೆಯೇ ಬೇರೆ. ಮಳೆಯೂ ಇದೇ ವರ್ಗದ್ದು. ಟ್ಸ್ವಾನಾದಲ್ಲಿ ಅದು ಪುಲ (ಬೋಟ್ಸ್ವಾನಾದ ನಾಣ್ಯದ ಹೆಸರೂ ಇದೇ), ಮೂಲದಲ್ಲಿ ಇದ್ದದ್ದು ಬಕಾರ. ಇದೊಂದನ್ನೇ ನೋಡಿ ‘ಟ್ಸ್ವಾನಾದಲ್ಲಿ ಬ ಹೋಗಿ ಪ ಆಗುತ್ತದೆ’ ಎಂದು ಬರೆದರೆ ತಪ್ಪು. ‘ನೋಡು’ ಕ್ರಿಯಾಪದ ಅಲ್ಲಿ ಇಂದಿಗೂ ಬೊನ. ಸ್ವಾಹಿಲಿಯಲ್ಲಿ ಆ ಬಕಾರ ಬಿದ್ದುಹೋಗಿ ಒನ ಆಗಿದೆ. ಹಾಗಾಗಿ ನಾನು ಪ್ರತಿ ವ್ಯಂಜನಕ್ಕೆ ಎರಡು ಕಾಲಂ ಹಾಕುತ್ತೇನೆ: ಅನುನಾಸಿಕದ ನಂತರ, ಉಳಿದ ಕಡೆ. ಮೊದಲು ಕ್ರಿಯಾಪದಗಳಿಂದ ನಿಯಮ ಬರೆದು, ನಾಮಪದಗಳನ್ನು ಆಮೇಲೆ ಸೇರಿಸುವುದು ಒಳ್ಳೆಯದು.

ವರ್ಗೀಕರಣಕ್ಕೆ ಬಂದರೆ, ಮಳೆಯ ಸಾಲನ್ನೇ ನೋಡಿ. ಗಿಕುಯು ಮ್ಬುರ, ಕಾಂಗೋದ ಲಿಂಗಾಲ ಮ್ಬುಲ, ಚಿಚೇವಾ ಮ್ವುಲ, ಜುಲು ಇಮ್ವುಲ, ಸ್ವಾಹಿಲಿ ಮ್ವುಆ. ಮೊದಲೆರಡು ಒಡಹುಟ್ಟಿದವರ ಹಾಗೆ ಕಾಣುತ್ತವೆ. ಆದರೆ ಅಲ್ಲಿ ಆಗಿರುವುದು ಹಳೆಯ ಬಕಾರ ಇದ್ದ ಹಾಗೇ ಉಳಿದದ್ದು, ಅಷ್ಟೇ. ಹಳತನ್ನು ಯಾರು ಬೇಕಾದರೂ ಉಳಿಸಿಕೊಳ್ಳಬಹುದು, ಅದು ನೆಂಟಸ್ತಿಕೆಗೆ ಸಾಕ್ಷಿಯಲ್ಲ. ಲೆಕ್ಕಕ್ಕೆ ಬರುವುದು ಹೊಸ ಬದಲಾವಣೆ ಮಾತ್ರ, ಅದರಲ್ಲೂ ಎಲ್ಲ ಹೊಸದೂ ಅಲ್ಲ. ಪಕಾರ ಹಕಾರವಾಗುವುದು ಗಿಕುಯುವಿನಲ್ಲಿದೆ, ಕಿನ್ಯರುವಾಂಡದಲ್ಲಿದೆ. ನಮ್ಮ ಪಾಲ್ ಹಾಲಾಗಿ, ಪುಲಿ ಹುಲಿಯಾಗಿದ್ದೂ ಅದೇ. ತಮಿಳು ತೆಲುಗುಗಳಲ್ಲಿ ಪಕಾರ ಹಾಗೇ ಉಳಿದಿದೆ. ಎಲ್ಲಿ ಬೇಕಾದರೂ ತಾನಾಗಿ ಆಗುವ ಇಂಥ ಬದಲಾವಣೆಯ ಮೇಲೆ ಉಪಗುಂಪು ಕಟ್ಟಬಾರದು. ಸ್ಪರ್ಶ ಊಷ್ಮವಾಗುವುದೂ ಏಳು ಸ್ವರ ಐದಾಗುವುದೂ ನೆರೆಯಿಂದ ನೆರೆಗೆ ಹಬ್ಬಿರುವ ಸಾಧ್ಯತೆ ಇರುವುದರಿಂದ ಅವಕ್ಕೂ ನಾನು ಕಡಿಮೆ ತೂಕ ಕೊಡುತ್ತೇನೆ.

ಡಾಲ್ ನಿಯಮವನ್ನು ಮಾತ್ರ ಪ್ರತ್ಯೇಕವಾಗಿ ಪರೀಕ್ಷಿಸಿ. ಗಿಕುಯುವಿನಂಥ ಭಾಷೆಗಳಲ್ಲಿ ಅಕ್ಕಪಕ್ಕದ ಎರಡು ಅಕ್ಷರಗಳಲ್ಲಿ ಅಘೋಷ ವ್ಯಂಜನ (ಕ, ತ ಇಂಥವು) ಬಂದರೆ ಮೊದಲನೆಯದು ಘೋಷ (ಗ, ದ ಇಂಥವು) ಆಗುತ್ತದೆ. ‘ಗಿಕುಯು’ ಎಂಬ ಹೆಸರೇ ಉದಾಹರಣೆ: ಕಿ ಎಂಬ ಪ್ರತ್ಯಯ ಕಕಾರದ ಮುಂಚೆ ಗಿ ಆಗಿದೆ. ಬೆಟ್ಟಕ್ಕೆ ಕಿರಿಮ, ಅಲ್ಲಿ ರಕಾರ ಘೋಷವಾದ್ದರಿಂದ ಕಿ ಉಳಿದಿದೆ. ಇನ್ನು ‘ಹೋಗುವುದು’ ಎಂಬುದಕ್ಕೆ ಗುಥಿಇ. ಬರಹದ ಆ ‘ಥ’ ಉಚ್ಚಾರದಲ್ಲಿ ಇಂಗ್ಲಿಷಿನ ‘ದಿಸ್’ ಪದದ ಮೊದಲ ಧ್ವನಿಯ ಹಾಗೆ ಘೋಷವೇ. ಆದರೂ ಕು ಹೋಗಿ ಗು ಆಗಿದೆ, ಏಕೆಂದರೆ ನಿಯಮ ನಡೆದ ಕಾಲಕ್ಕೆ ಆ ಧ್ವನಿ ಇನ್ನೂ ಅಘೋಷವಾಗಿತ್ತು. ಇಂಥ ಸಾಲು ಸಿಕ್ಕಾಗ ಅಪವಾದ ಎಂದು ಬದಿಗಿಡದೆ, ಬದಲಾವಣೆಗಳ ಕಾಲಕ್ರಮದ ಕಾಲಂನಲ್ಲಿ ಬರೆದಿಡಿ.