ನಡುರಾತ್ರಿ ಸಾವಿನ ಭಯ ಬಂದರೆ ಏನು ಮಾಡಬೇಕು?

ಪುಣೆಯಲ್ಲಿರುವ ನಮ್ಮಂಥವರಿಗೆ ಸಾವಿನ ಭಯ ಎರಡು ದಾರಿಯಲ್ಲಿ ಬರುತ್ತದೆ. ಒಂದು, ರಾತ್ರಿ ಎದೆ ಹಿಡಿದಂತಾಗಿ ಎಚ್ಚರವಾಗುವುದು. ಇನ್ನೊಂದು, ಹೊತ್ತಲ್ಲದ ಹೊತ್ತಿನಲ್ಲಿ ಊರಿಂದ ಬರುವ ಫೋನು. ಹುಬ್ಬಳ್ಳಿಯಲ್ಲೋ ವಿಜಯಪುರದಲ್ಲೋ ಅಪ್ಪ ಅಮ್ಮ ಇಬ್ಬರೇ ಇರುತ್ತಾರೆ, ಬೆಳಗಿನ ಐದಕ್ಕೆ ಅಣ್ಣನ ಹೆಸರು ಕಂಡರೆ ಹೊಟ್ಟೆ ಕಲಸುತ್ತದೆ, ನೋಡಿದರೆ ಅವನು ಸ್ವಾರಗೇಟ್‌ನಲ್ಲಿ ಬಸ್ ಇಳಿದು ಯಾವ ಕಡೆ ಬರಲಿ ಅಂತ ಕೇಳುತ್ತಿರುತ್ತಾನೆ!

ಮೊದಲೇ ಹೇಳಿಬಿಡುತ್ತೇನೆ. ಎದೆನೋವು ಬಂದರೆ ಆಸ್ಪತ್ರೆಗೆ ಹೋಗಿ, ಆಮೇಲೆ ಧ್ಯಾನ. ಇಸಿಜಿ ಸರಿ ಇದ್ದು ಭಯ ಮಾತ್ರ ಉಳಿದವರಿಗೆ ಮುಂದಿನ ಮಾತು.

ಬುದ್ಧನ ಉಪದೇಶಗಳ ಪಾಲಿ ಸಂಗ್ರಹಗಳಲ್ಲಿ ಒಂದಾದ ಮಜ್ಝಿಮ ನಿಕಾಯದಲ್ಲಿ ಭಯಭೇರವ ಸುತ್ತ ಅಂತ ಒಂದು ಉಪದೇಶ ಇದೆ. ಜ್ಞಾನೋದಯಕ್ಕೂ ಮೊದಲು ತಾನು ಏನು ಮಾಡಿದೆ ಅಂತ ಬುದ್ಧ ಅಲ್ಲಿ ಹೇಳುತ್ತಾನೆ. ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಯ ರಾತ್ರಿಗಳಲ್ಲಿ, ಜನ ಹೆದರುವ ಕಾಡಿನ ಜಾಗಗಳಿಗೆ ಬೇಕೆಂದೇ ಹೋಗಿ ಇರುತ್ತಿದ್ದನಂತೆ. ಪ್ರಾಣಿಯೊಂದು ಹತ್ತಿರ ಬರುತ್ತದೆ, ನವಿಲು ಕಡ್ಡಿ ಮುರಿಯುತ್ತದೆ, ತರಗೆಲೆ ಸದ್ದು ಮಾಡುತ್ತದೆ. ಇದೇ ಆ ಭಯ ಬರ್ತಾ ಇರೋದು ಅಂತ ಅವನಿಗೆ ಅನಿಸುತ್ತದೆ. ಆಗ ಅವನು ಮಾಡಿದ್ದು ಒಂದೇ: ನಡೆಯುವಾಗ ಭಯ ಬಂದರೆ ಅದು ಅಡಗುವ ತನಕ ನಿಲ್ಲಲಿಲ್ಲ, ಕೂರಲಿಲ್ಲ, ನಡೆಯುತ್ತಲೇ ಇದ್ದ. ಕೂತಾಗ ಬಂದರೆ ಏಳಲಿಲ್ಲ. ಮಲಗಿದಾಗ ಬಂದರೆ ಮಲಗಿಯೇ ಇದ್ದ.

ನನಗೆ ತಿಳಿದ ಮಟ್ಟಿಗೆ ಇದಕ್ಕಿಂತ ನೇರವಾದ ಉಪಾಯ ಇಲ್ಲ. ಭಯ ಬಂದ ಕೂಡಲೇ ನಾವೇನು ಮಾಡುತ್ತೇವೆ? ಎದ್ದು ಲೈಟ್ ಹಾಕುತ್ತೇವೆ, ಫೋನ್ ತೆಗೆದು ಲಕ್ಷಣಗಳನ್ನು ಹುಡುಕುತ್ತೇವೆ, ಅರ್ಧ ಗಂಟೆಯಲ್ಲಿ ನಾಲ್ಕು ಹೊಸ ಕಾಯಿಲೆ ಅಂಟಿಸಿಕೊಂಡಿರುತ್ತೇವೆ. ಅದರ ಬದಲು ಹೇಗಿದ್ದೀರೋ ಹಾಗೇ ಇರಿ. ಭಯ ಮೈಯಲ್ಲಿ ಎಲ್ಲಿದೆ ನೋಡಿ: ಗಂಟಲಲ್ಲಾ, ಹೊಟ್ಟೆಯಲ್ಲಾ, ಅಂಗೈ ಬೆವರಲ್ಲಾ? ಉಸಿರು ಒಳಗೆ ಹೋಗುವುದು, ಹೊರಗೆ ಬರುವುದು ಗಮನಿಸಿ. ಅದನ್ನು ಉದ್ದ ಮಾಡಲು ಹೋಗಬೇಡಿ, ತುಂಡಾಗಿದ್ದರೆ ತುಂಡಾಗಿಯೇ ಇರಲಿ. ಭಯ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಓಡಿಸುವ ಕೆಲಸ ನಿಮ್ಮದಲ್ಲ.

ಇದು ರಾತ್ರಿಯ ಮಾತಾಯಿತು. ಹಗಲಲ್ಲೂ ಸ್ವಲ್ಪ ಅಭ್ಯಾಸ ಬೇಕು. ಅಂಥದೇ ಇನ್ನೊಂದು ಸಂಗ್ರಹ ಅಂಗುತ್ತರ ನಿಕಾಯದಲ್ಲಿ ಗೃಹಸ್ಥರಿಗೂ ಹೇಳಿದ ಐದು ಮಾತಿವೆ. ನನಗೆ ಮುಪ್ಪು ತಪ್ಪಿದ್ದಲ್ಲ, ಕಾಯಿಲೆ ತಪ್ಪಿದ್ದಲ್ಲ, ಸಾವು ತಪ್ಪಿದ್ದಲ್ಲ, ಪ್ರೀತಿಯವರಿಂದ ಅಗಲುವುದು ತಪ್ಪಿದ್ದಲ್ಲ, ನಾನು ಮಾಡಿದ್ದಕ್ಕೆ ನಾನೇ ವಾರಸುದಾರ. ಸ್ನಾನ ಆದಮೇಲೆ ಒಮ್ಮೆ ಹೇಳಿಕೊಳ್ಳಿ, ಸಾಕು. ಊರು ಬಿಟ್ಟು ಬಂದವರಿಗೆ ನಾಲ್ಕನೆಯದೇ ಜಾಸ್ತಿ ಚುಚ್ಚುತ್ತದೆ. ಅಲ್ಲಿ ತುಸು ನಿಲ್ಲಿ.

ಅದೇ ನಿಕಾಯದಲ್ಲಿ ಮರಣಸತಿ, ಅಂದರೆ ಸಾವಿನ ನೆನಪು, ಹೇಗಿರಬೇಕು ಅಂತ ಬುದ್ಧ ಭಿಕ್ಷುಗಳನ್ನು ಕೇಳುತ್ತಾನೆ. ಒಂದು ಹಗಲು ರಾತ್ರಿ ಬದುಕಿದರೆ ಸಾಕು ಅಂತ ಒಬ್ಬ ಅಂದುಕೊಳ್ಳುತ್ತಾನಂತೆ, ಒಂದು ಊಟದಷ್ಟು ಹೊತ್ತು ಅಂತ ಇನ್ನೊಬ್ಬ. ಇವರೆಲ್ಲ ಮೈಮರೆತವರು ಅಂತ ಬುದ್ಧ ಹೇಳಿಬಿಡುತ್ತಾನೆ. ಒಂದು ತುತ್ತು ನುಂಗುವಷ್ಟು, ಒಂದು ಉಸಿರಿನಷ್ಟು ಹೊತ್ತು ಅಂದವರಷ್ಟೇ ಪಾಸು. ಹಾಗಾಗಿ ಊಟದ ಮೊದಲ ತುತ್ತನ್ನು ಇದಕ್ಕೆ ಇಡಿ. ರೊಟ್ಟಿ ಮುರಿದು, ಪಲ್ಯ ಹಚ್ಚಿ, ಅಗಿದು, ನುಂಗುವ ತನಕ ಟಿವಿ ಇಲ್ಲ, ಮಾತಿಲ್ಲ.

ಶವ ಕೊಳೆಯುವುದನ್ನು ನೆನೆಯುವ ಸ್ಮಶಾನದ ಧ್ಯಾನವೂ ಸತಿಪಟ್ಠಾನ ಸುತ್ತದಲ್ಲಿದೆ. ಅದನ್ನು ಮನೆಯಲ್ಲಿ ಒಬ್ಬರೇ ಸುಮ್ನೆ ಶುರು ಮಾಡಬೇಡಿ. ದೇಹದ ಹೊಲಸನ್ನೇ ನೆನೆದು ಬದುಕಿನ ಮೇಲೇ ಹೇಸಿಕೆ ಪಟ್ಟ ಭಿಕ್ಷುಗಳ ಕಥೆ ಬೌದ್ಧ ಗ್ರಂಥಗಳಲ್ಲೇ ಇದೆ. ಆಮೇಲೆ ಬುದ್ಧ ಭಿಕ್ಷುಗಳಿಗೆ ಉಸಿರಿನ ಧ್ಯಾನ ಕಲಿಸಿದ. ಮನಸ್ಸು ಮೊದಲೇ ಕುಗ್ಗಿದ್ದರೆ ಡಾಕ್ಟರನ್ನು ನೋಡಿ, ಇದು ಆಮೇಲಾಗಲಿ.

ಒಂದು ಭಾನುವಾರ ಲೋನಾವಳ ಲೋಕಲ್ ಹತ್ತಿ ಮಳವಲಿಯಲ್ಲಿ ಇಳಿಯಿರಿ, ಭಾಜಾದ ಹಳೆಯ ಬೌದ್ಧ ಗುಹೆಗಳಿಗೆ ಹತ್ತಿ. ದೊಡ್ಡ ಚೈತ್ಯ, ಅಂದರೆ ಪೂಜೆಯ ಗುಹೆ, ನೋಡಿ ಜನ ವಾಪಸ್ ಬರುತ್ತಾರೆ. ನೀವು ಇನ್ನೂ ಸ್ವಲ್ಪ ಮುಂದೆ ಹೋಗಿ, ಅಲ್ಲಿ 14 ಕಲ್ಲಿನ ಸ್ತೂಪಗಳ ಗುಂಪಿದೆ. ಸತ್ತ ಥೇರರ, ಅಂದರೆ ಹಿರಿಯ ಭಿಕ್ಷುಗಳ, ನೆನಪಿಗೆ ಕಡೆದದ್ದು, ಕೆಲವದರ ಮೇಲೆ ಹೆಸರೂ ಕೊರೆದಿದೆ. ಅವುಗಳ ಮುಂದೆ ಕೂತು ಆ ಐದು ಮಾತು ಹೇಳಿಕೊಂಡು ನೋಡಿ. ಮಳೆಗಾಲದಲ್ಲಿ ಬೇಡ, ಆ ಗದ್ದಲದಲ್ಲಿ ಏನೂ ಆಗುವುದಿಲ್ಲ.

ಇನ್ನು ಮನೆಯವರ ಚಿಂತೆ. ನಕುಲಪಿತ ಅನ್ನುವ ಗೃಹಸ್ಥನಿಗೆ ಕಾಯಿಲೆ ಜೋರಾದಾಗ ಅವನ ಹೆಂಡತಿ, 'ನಿಮಗೇನೂ ಆಗಲ್ಲ' ಅಂತ ಪುಸಲಾಯಿಸಲಿಲ್ಲ. ಚಿಂತೆ ಹೊತ್ತುಕೊಂಡು ಸಾಯಬೇಡಿ, ನನಗೆ ಹತ್ತಿ ನೂಲಲು ಬರುತ್ತದೆ, ಮಕ್ಕಳನ್ನೂ ಮನೆಯನ್ನೂ ನೋಡಿಕೊಳ್ಳುತ್ತೇನೆ ಅಂದಳು. ಅವನ ಕಾಯಿಲೆ ಅಲ್ಲಿಗೇ ಇಳಿಯಿತು, ಆಮೇಲೆ ಕೋಲೂರಿಕೊಂಡು ಬುದ್ಧನನ್ನು ನೋಡಲು ಹೋದ. ಈ ಮಾತುಕತೆ ನಿಮ್ಮ ಮನೆಯಲ್ಲೂ ಆಗಲಿ. ಬ್ಯಾಂಕಿನಲ್ಲಿ ನಾಮಿನಿ ಯಾರು, ಪಾಲಿಸಿ ಕಾಗದ ಯಾವ ಕಪಾಟಿನಲ್ಲಿದೆ, ಯಾರಿಗೆ ಎಷ್ಟು ಕೊಡಬೇಕು, ಇಷ್ಟನ್ನು ಒಂದು ಸಂಜೆ ಹೆಂಡತಿಯೋ ಗಂಡನೋ ಜೊತೆಗಿರುವಾಗ ಕೂತು ಬರೆದಿಡಿ. ಊರಿಗೆ ಹೋದಾಗ ಅಪ್ಪನ ಹತ್ತಿರವೂ ಇದನ್ನೇ ಕೇಳಿ. ಅವರು ಮೊದಲು ಗದರುತ್ತಾರೆ, ಆಮೇಲೆ ತಾವೇ ಫೈಲು ತೆಗೆದುಕೊಂಡು ಬರುತ್ತಾರೆ.